ಫ್ಲೆಕ್ಸಿಗೆ ಸಿಗದ ಮುಖಗಳು

ಹೊಳೆನರಸೀಪುರದಲ್ಲಿ ನನ್ನದೊಂದು ಮುದ್ರಣದ ಅಂಗಡಿ. ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲದಿಂದ ಇದೇ ಕಸುಬು. ಈಗ ಹೊಟ್ಟೆ ತುಂಬಿಸುವುದು ಫ್ಲೆಕ್ಸ್. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ ಮೇಲೆ ಬಟ್ಟೆಯ ಮೇಲೆ ಮುದ್ರಿಸುತ್ತೇನೆ, ಜನರ ಬಾಯಲ್ಲಿ ಮಾತ್ರ ಅದಿನ್ನೂ ಫ್ಲೆಕ್ಸೇ. ಹಾಗಾಗಿ ನಮ್ಮ ಸೀಮೆಯವರು ಯಾರನ್ನು ವೀರ, ಧೀರ, ಹೀರೊ ಎನ್ನುತ್ತಾರೆ ಅನ್ನುವುದು ನನಗೆ ಚದರಡಿ ಲೆಕ್ಕದಲ್ಲಿ ಗೊತ್ತು. ಹಾಸನಾಂಬೆಯ ಜಾತ್ರೆಗೆ ಸ್ವಾಗತ ಕೋರುವ ಬ್ಯಾನರಿನಲ್ಲಿ ದೇವಿಗಿಂತ ಸ್ವಾಗತ ಕೋರುವವರ ಮುಖ ದೊಡ್ಡದಿರಬೇಕು. ಹುಟ್ಟುಹಬ್ಬದ ನಾಯಕರಿಗೆ ಹಿಂದುಗಡೆ ಒಂದು ಸಿಂಹ. ನಟರಿಗೆ ಬೆಂಕಿ.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆಯೊಂದಿಗೆ ಸೆಣಸುತ್ತ ಅರ್ಜುನ ಸತ್ತಾಗ ನನ್ನ ಯಂತ್ರಕ್ಕೆ ಬಿಡುವಿರಲಿಲ್ಲ. ಎಂಟು ದಸರಾದಲ್ಲಿ ಅಂಬಾರಿ ಹೊತ್ತ ಆನೆ, ಜನ ಅತ್ತರು, ಸ್ಮಾರಕ ಬೇಕೆಂದು ಕೂಗೆದ್ದಿತು. ತಪ್ಪೇನಿಲ್ಲ. ಅರ್ಜುನನ ಮೇಲೆ ನನಗೆ ಹೊಟ್ಟೆಕಿಚ್ಚೂ ಇಲ್ಲ. ಆದರೆ ಅದೇ ವರ್ಷ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಒಬ್ಬ ಮನುಷ್ಯ ಸತ್ತಿದ್ದರು. ಅರಣ್ಯ ಇಲಾಖೆಯ ಶಾರ್ಪ್‌ಶೂಟರ್, ಎಲ್ಲರ ಬಾಯಲ್ಲಿ ‘ಆನೆ ವೆಂಕಟೇಶ್’. ಗಾಯಗೊಂಡು ನರಳುತ್ತಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಬೇಕಿತ್ತು, ಅದಕ್ಕೆ ಅರಿವಳಿಕೆಯ ಚುಚ್ಚುಮದ್ದು ಹೊಡೆಯಲು ಹೋಗಿದ್ದರು. ಆನೆ ತಿರುಗಿ ಅಟ್ಟಿಸಿಕೊಂಡು ಬಂತು. ನಿವೃತ್ತಿಯ ವಯಸ್ಸು ದಾಟಿದ್ದ ಕಾಲುಗಳು ಆನೆಯ ಮುಂದೆ ಎಷ್ಟು ದೂರ ಓಡಿಯಾವು?

ಅವರ ಹೆಸರಿನಲ್ಲಿ ನನ್ನ ಅಂಗಡಿಗೆ ಒಂದೂ ಆರ್ಡರ್ ಬರಲಿಲ್ಲ. ಆಲೂರಿನವರು ಹಾಸನದಲ್ಲಿ ಮಾಡಿಸಿರಬಹುದು, ಇರಲಿ. ನನ್ನನ್ನು ಕಾಡುವುದು ಬೇರೆ. ಕೋವಿ ಹಿಡಿದು ಆನೆಯ ಹತ್ತಿರ ಎಷ್ಟು ನಡೆದರೆ ಗುರಿ ಸಿಗುತ್ತದೆ, ಅಷ್ಟು ಹತ್ತಿರ ಹೋದರೆ ಏನಾಗಬಹುದು ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಒಮ್ಮೆ ಆವೇಶದಲ್ಲಿ ಹೊಳೆಗೆ ಹಾರಿ ಮಗುವನ್ನು ಎತ್ತಿದವನ ಧೈರ್ಯ ಒಂದು ಬಗೆ. ಏನಾಗಬಹುದೆಂದು ಚೆನ್ನಾಗಿ ಬಲ್ಲವನು ಕರೆ ಬಂದಾಗಲೆಲ್ಲ ಚಪ್ಪಲಿ ಮೆಟ್ಟಿ ಹೊರಡುವುದು ಇನ್ನೊಂದು. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು. ಅದಕ್ಕೆ ಬೆಂಕಿ, ಸಿಂಹ ಯಾವುದೂ ಹೊಂದುವುದಿಲ್ಲ.

ಅರಕಲಗೂಡು ಕಡೆಯ ಹುಡುಗರು ಒಮ್ಮೆ ತಮ್ಮೂರಿನ ಲೈನ್‌ಮನ್‌ಗೆ ಬೀಳ್ಕೊಡುಗೆಯ ಬ್ಯಾನರ್ ಮಾಡಿಸಲು ಬಂದಿದ್ದರು. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿದರೆ, ಕರೆಂಟು ಬರುವವರೆಗೆ ಮನೆ ಕಡೆ ಮುಖ ಹಾಕದ ಆಸಾಮಿಯಂತೆ. ಫೋಟೊ ಕೊಡ್ರಪ್ಪ ಅಂದೆ. ಎಲ್ಲರ ಮೊಬೈಲು ಹುಡುಕಿದರೂ ಸಿಕ್ಕಿದ್ದು ಒಂದೇ: ಮಳೆಯಲ್ಲಿ ಕಂಬದ ಮೇಲೆ ಹತ್ತಿ ಕೂತ ಮನುಷ್ಯ, ಕೆಳಗಿನಿಂದ ತೆಗೆದದ್ದು, ಬೆನ್ನು ಬಿಟ್ಟರೆ ಮತ್ತೇನೂ ಕಾಣದು. ಅಷ್ಟು ವರ್ಷ ಊರಲ್ಲಿ ಓಡಾಡಿದವರು, ಒಂದು ಮದುವೆ ಫೋಟೊದಲ್ಲೂ ಇಲ್ಲ. ಆಧಾರ್ ಕಾರ್ಡಿನ ಮುಖ ತಂದು ಸೂಟು ಬೂಟಿನ ಮೈಗೆ ಅಂಟಿಸೋಣ ಅಂತ ಒಬ್ಬ ಹುಡುಗ. ಬೇಡ, ಬೆನ್ನನ್ನೇ ಹಾಕುತ್ತೇನೆ ಅಂದೆ. ಗೊಣಗಿದರು, ಒಪ್ಪಿದರು. ನಾನು ಮಾಡಿದ ಕೆಲಸಗಳಲ್ಲಿ ಒಳ್ಳೆಯದು ಎಂದು ಇವತ್ತಿಗೂ ನನಗನ್ನಿಸುವುದು ಅದೇ.

ಚನ್ನರಾಯಪಟ್ಟಣದ ಗಿರಾಕಿಗಳು 2018ರ ಮಹಾಮಸ್ತಕಾಭಿಷೇಕಕ್ಕೆ ಗೊಮ್ಮಟನ ಚಿತ್ರ ಎಷ್ಟು ಮಾಡಿಸಿದರೋ. ಗುಳ್ಳಕಾಯಜ್ಜಿಯನ್ನು ಕೇಳಿದವರಿಲ್ಲ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ, 58 ಅಡಿಯ ಗೊಮ್ಮಟನ ಎದುರಿಗೇ ಆಕೆಯ ವಿಗ್ರಹವಿದೆ. ದಂಡನಾಯಕ ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ತೊಡೆಯಿಂದ ಕೆಳಗಿಳಿಯದೆ ಹೋದಾಗ, ಅಜ್ಜಿಯ ಗುಳ್ಳಕಾಯಿಯ ಹಾಲು ಪಾದದವರೆಗೂ ಹರಿಯಿತು ಎಂಬ ಕತೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆದರೆ ಕತೆಯ ಕೊನೆಗೆ ಒಂದು ಬಾಲ ಸೇರಿಸುತ್ತಾರೆ: ಆಕೆ ಅಜ್ಜಿಯೇ ಅಲ್ಲ, ವೇಷ ಮರೆಸಿ ಬಂದ ಕೂಷ್ಮಾಂಡಿನೀ ದೇವಿ. ಯಾಕೆ, ಅಜ್ಜಿ ಅಜ್ಜಿಯಾಗಿಯೇ ಇರಬಾರದಿತ್ತೇ? ಸಾಧಾರಣ ಹೆಂಗಸೊಬ್ಬಳು ದಂಡನಾಯಕನಿಗಿಂತ ಮೇಲಾದಳು ಎಂದರೆ ನಮಗೆ ಇರಿಸುಮುರಿಸು. ದೇವರು ಮಾಡಿಬಿಟ್ಟರೆ ಒಂದು ಅನುಕೂಲವೂ ಉಂಟು, ದೇವರು ಕೂಲಿ ಕೇಳುವುದಿಲ್ಲ.

ಇದು ಕುಹಕವಲ್ಲ. 2020ರಲ್ಲಿ ಕೊರೊನಾ ಬಂದಾಗ ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರು ಬೆಂಗಳೂರಿನಿಂದ ಬಂದರು ಎಂದು ಬರೆದುಕೊಂಡ ಆಶಾ ಕಾರ್ಯಕರ್ತೆಯರಿಗೆ ‘ಕೊರೊನಾ ಯೋಧರು’, ‘ಆರೋಗ್ಯ ದೇವತೆಯರು’ ಎಂದು ಸಾಲುಸಾಲು ಬ್ಯಾನರ್ ಮಾಡಿಸಿದರು. ಅಡ್ಡಡ್ಡ ಮಾತಾಡಿ ಬಾಗಿಲು ಹಾಕಿಕೊಂಡವರೂ ಅವುಗಳಲ್ಲಿ ಶುಭಕೋರುವವರ ಪಟ್ಟಿಯಲ್ಲಿದ್ದರು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. ಅದೇ ಹೆಂಗಸರು ಆಮೇಲೆ ನನ್ನಲ್ಲಿಗೆ ಬಂದದ್ದು ಕರಪತ್ರಕ್ಕೆ. ನಿಗದಿತ ಗೌರವಧನ ಕೊಡಿ, ಮಾಡಿದ ಕೆಲಸದ ಪ್ರೋತ್ಸಾಹಧನ ಪೋರ್ಟಲ್‌ನಲ್ಲಿ ಮುಳುಗಿಸಬೇಡಿ ಎಂಬ ಬೇಡಿಕೆ. ಚಿಲ್ಲರೆ ಕೂಡಿಸಿ ದುಡ್ಡು ಕೊಟ್ಟರು. ಬ್ಯಾನರ್ ಮಾಡಿಸಿದ್ದ ಯಾವ ಅಭಿಮಾನಿಯೂ ಜೊತೆಗಿರಲಿಲ್ಲ. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ದೇವತೆಯರು ಬಸ್ಸು ಹತ್ತಿ ಹೋಗಿ, ಬೀದಿಯಲ್ಲಿ ಮಲಗಿ ಕೇಳಬೇಕಾಯಿತು.

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಮರ್ಯಾದಸ್ಥರು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಗುಡಿಯ ಹಿಂದೆ, ಕೆರೆ ಏರಿಯ ಮೇಲೆ ವೀರಗಲ್ಲುಗಳಿವೆ, ಕೆಲವಕ್ಕೆ ಈಗ ಎಮ್ಮೆ ಕಟ್ಟುತ್ತಾರೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ರಾಜರು ಮಾತ್ರ ಅಲ್ಲ, ಊರಿನ ದನ ಹೊಡೆದುಕೊಂಡು ಹೋದ ಕಳ್ಳರ ಹಿಂದೆ ಓಡಿ ಸತ್ತವನಿಗೂ ಕಲ್ಲು ನಿಲ್ಲಿಸಿದರು. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಸತ್ತವನ ಮನೆಯವರಿಗೆ ಹೊಲ ಬಿಡುವ ಪದ್ಧತಿ ಇತ್ತು, ನೆತ್ತರುಗೊಡಗೆ ಎನ್ನುತ್ತಿದ್ದರು. ನಾವು ಹೆಮ್ಮೆಪಡುವ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಕೂಡ ನಮ್ಮ ಬೇಲೂರು ತಾಲ್ಲೂಕಿನದೇ. ಅದರಲ್ಲಿ ಇರುವುದು ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಊರುಗಳನ್ನು ಬಿಟ್ಟುಕೊಟ್ಟ ವಿಚಾರ. ಹೊಗಳಿಕೆ ಜೊತೆಗೆ ಜಮೀನಿನ ಪತ್ರ!

ಅದಕ್ಕೇ ನನಗೊಂದು ಆಸೆ. ಗ್ರಾಮ ಪಂಚಾಯಿತಿಯವರು ವರ್ಷಕ್ಕೊಂದು ಸಭೆಯಲ್ಲಿ ನಮ್ಮೂರಿನ ಲೈನ್‌ಮನ್, ಆಶಾ, ಕಸ ಎತ್ತುವವರು, ಆನೆ ಓಡಿಸುವ ಹಂಗಾಮಿ ಹುಡುಗರು ಯಾರ್‍ಯಾರು, ಸಂಬಳ ಎಷ್ಟು ತಿಂಗಳು ಬಾಕಿ, ವಿಮೆ ಇದೆಯೋ ಇಲ್ಲವೋ, ಕೈಗೆ ಗ್ಲೌಸ್ ಇದೆಯೋ ಎಂದು ಗಟ್ಟಿಯಾಗಿ ಓದಲಿ. ಇಲ್ಲದ್ದನ್ನು ಅವರು ಬದುಕಿರುವಾಗಲೇ ಕೊಡಿಸಲಿ. ಆಮೇಲೆ ಬೇಕಾದರೆ ಬ್ಯಾನರ್ ಹಾಕಿಸಿ, ನನ್ನ ಅಂಗಡಿಯಲ್ಲೇ ಹಾಕಿಸಿ. ಚದರಡಿಗೆ ಎರಡು ರೂಪಾಯಿ ಕಡಿಮೆ ಮಾಡುತ್ತೇನೆ, ಸಿಂಹ ಮಾತ್ರ ಹಾಕುವುದಿಲ್ಲ.