ಕಿವಿಯ ಜೀವಕೋಶ ಮತ್ತೆ ಚಿಗುರುವುದೇ?



ಶ್ರಾವಣ ಮಾಸದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪ್ರಾಂತದ ಮಠಗಳಲ್ಲಿ ಪ್ರವಚನ ನಡೆಯುವಾಗ ನಾವೊಂದು ಸಂಗತಿಯನ್ನು ಗಮನಿಸಿದ್ದೇವೆ. ಮುಂದಿನ ಸಾಲಿನಲ್ಲಿ ಕುಳಿತು ಆಲಿಸುತ್ತಿದ್ದ ಹಿರಿಯರಲ್ಲಿ ಕೆಲವರು ಬರಬರುತ್ತ ಬರುವುದನ್ನೇ ಬಿಟ್ಟುಬಿಡುತ್ತಾರೆ. ಭಕ್ತಿ ಕುಂದಿತೆಂದಲ್ಲ, ಕಿವಿ ಕೇಳಿಸದು, ಹೇಳಿಕೊಳ್ಳಲು ಸಂಕೋಚ. ಮಗ್ಗದ ಮನೆತನಗಳಲ್ಲಿ ಇದು ನಡುವಯಸ್ಸಿನಲ್ಲಿಯೇ ತೋರುವುದುಂಟು. ಜೇಡರ ದಾಸಿಮಯ್ಯನವರ ಕೈಮಗ್ಗಕ್ಕೆ ಇಂಥ ಅಬ್ಬರವಿರಲಿಲ್ಲ. ಇಂದಿನ ವಿದ್ಯುತ್ ಮಗ್ಗಗಳ ಸಾಲಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. 85ನ್ನು ಮೀರಿದ ಸದ್ದಿನಲ್ಲಿ ದಿನಕ್ಕೆ ಎಂಟು ತಾಸಿನಂತೆ ವರ್ಷಗಟ್ಟಲೆ ದುಡಿದರೆ ಕಿವಿ ಕೆಡುತ್ತದೆ.

ಅಂಥ ಮನೆಯವರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು, "ಕಾಂಡಕೋಶದ ಸೂಜಿ ಹಾಕಿದರೆ ತಂದೆಯವರಿಗೆ ಕಿವಿ ಬರುತ್ತದಂತೆ, ಎರಡೆಕರೆ ಮಾರಿ ಹೋಗಿಬರಲೇ?" ಎಂದು ಕೇಳಿದರು. ಬೇಡವೆಂದೆವು. ಕಾರಣವನ್ನು ಎಲ್ಲರೂ ತಿಳಿಯುವುದು ಒಳಿತು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಅಂಗವೊಂದಿದೆ. ಹುಟ್ಟುವಾಗ ಅದರಲ್ಲಿ ಸುಮಾರು 15,000 ಕೇಶಕೋಶಗಳಿರುತ್ತವೆ. ಸದ್ದಿನ ಅಲೆಯು ಅವುಗಳ ತುದಿಯ ರೋಮಗಳನ್ನು ಬಾಗಿಸಿದಾಗ ಸಂಕೇತ ಹುಟ್ಟಿ, ನರದ ಮೂಲಕ ಮೆದುಳನ್ನು ಸೇರುತ್ತದೆ. ಸತ್ತ ಕೇಶಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟದು. ಕೋಳಿಮರಿಯಲ್ಲಿ ಮಾತ್ರ ಹುಟ್ಟುತ್ತದೆ! ಹಕ್ಕಿಗಳಲ್ಲಿ ಪಕ್ಕದ ಆಧಾರಕೋಶಗಳೇ ಕೇಶಕೋಶಗಳಾಗಿ ಮಾರ್ಪಡುತ್ತವೆ. 1988ರಲ್ಲಿ ಈ ಪುನರುತ್ಪತ್ತಿಯು ಪ್ರಕಟವಾದಂದಿನಿಂದ, ಹಕ್ಕಿಗೆ ದಕ್ಕಿದ್ದು ನಮಗೇಕೆ ದಕ್ಕಬಾರದೆಂದು ವಿಜ್ಞಾನಿಗಳು ಶೋಧಿಸುತ್ತಲೇ ಇದ್ದಾರೆ. ಆಧಾರಕೋಶಗಳನ್ನು ಎಚ್ಚರಿಸಲೆಂದು ಅಮೆರಿಕದಲ್ಲಿ ಸಿದ್ಧವಾದ ಎಫ್‌ಎಕ್ಸ್-322 ಎಂಬ ಔಷಧವು ಬಹಳ ಆಸೆ ಹುಟ್ಟಿಸಿತ್ತು. 2023ರ ಪರೀಕ್ಷೆಯಲ್ಲಿ ಅದು ಬರಿಯ ಹುಸಿಮದ್ದಿಗಿಂತ ಮೇಲೆನಿಸದೆ ಕೈಬಿಡಲ್ಪಟ್ಟಿತು.

ನಿಜವಾದ ಗೆಲುವು ಬೇರೊಂದು ದಾರಿಯಲ್ಲಿ ಬಂದಿದೆ. ಒಟೋಫರ್ಲಿನ್ ಎಂಬ ಜೀನು ಕೆಟ್ಟು ಕಿವುಡಾಗಿ ಹುಟ್ಟಿದ ಆರು ಮಕ್ಕಳಿಗೆ ಶಾಂಘೈಯಲ್ಲಿ ಸರಿಯಾದ ಜೀನನ್ನು ಒಳಗಿವಿಗೆ ಸೇರಿಸಲಾಗಿ, ಐವರಿಗೆ ಕೇಳಿಸತೊಡಗಿತೆಂದು 2024ರಲ್ಲಿ ವರದಿಯಾಯಿತು. ಆದರೆ ಆ ಮಕ್ಕಳಲ್ಲಿ ಕೇಶಕೋಶಗಳು ಬದುಕಿದ್ದವು, ಸಂಕೇತ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಮಗ್ಗದ ಸದ್ದಿಗೆ ಸತ್ತ ಕೋಶಗಳಿಗೆ ಆ ಚಿಕಿತ್ಸೆ ಸಲ್ಲದು.

ಇನ್ನು ಕಾಂಡಕೋಶದ ಮಾತು. ರಕ್ತಸಂಬಂಧಿ ಕಾಯಿಲೆಗಳ ಕೆಲವು ಚಿಕಿತ್ಸೆಗಳನ್ನು ಬಿಟ್ಟರೆ ಉಳಿದುದೆಲ್ಲ ಪ್ರಯೋಗದ ಹಂತದ್ದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಕ್ಕೆ ಒಳಪಡುವ ರೋಗಿಯಿಂದ ಹಣ ಪಡೆಯಲಾಗದು. ಹೊಲ ಮಾರಿಸುವವರು ಈ ಮಾತನ್ನು ಹೇಳುವುದಿಲ್ಲ.

ಇಂದು ಕೈಗೆಟುಕುವುದು ಶ್ರವಣ ಪರೀಕ್ಷೆ ಮತ್ತು ಶ್ರವಣಯಂತ್ರ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ನಾಡಿನಲ್ಲೇ ಇದೆ. ಅಷ್ಟು ದೂರ ಹೋಗಲಾಗದವರಿಗೆ ಬೆಳಗಾವಿಯುಂಟು. ಕೂಗಿದರೆ ಬೆಚ್ಚದ ಹಸುಗೂಸನ್ನು "ಮಾತು ತಡವಾಗಿ ಬರುತ್ತದೆ" ಎನ್ನುತ್ತ ಮನೆಯಲ್ಲಿ ಇರಿಸಿಕೊಳ್ಳಬಾರದು. ಒಂದು ಕಿವಿ ಹಠಾತ್ತನೆ ಕೇಳಿಸದಾದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮೊದಲ ದಿನಗಳಲ್ಲಿ ಚಿಕಿತ್ಸೆಯಾದರೆ ಮರಳಿ ಕೇಳಿಸುವ ಸಂಭವ ಹೆಚ್ಚು.

ಆ ಮನೆಯವರು ಹೊಲ ಮಾರಲಿಲ್ಲ. ಹಿರಿಯರಿಗೆ ಯಂತ್ರ ಹಾಕಿಸಿದ್ದಾರೆ. ಅಡುಗೆಮನೆಯ ಪಾತ್ರೆಗಳ ಸದ್ದೇ ದೊಡ್ಡದಾಯಿತೆಂದು ಅವರು ಮೊದಲ ವಾರವೇ ಅದನ್ನು ತೆಗೆದಿಟ್ಟರಂತೆ. ಒಮ್ಮೆಗೆ ಹೊಂದದು, ಸರಿಪಡಿಸಿಕೊಳ್ಳಲು ಮತ್ತೊಮ್ಮೆ ಕರೆದೊಯ್ಯಿರೆಂದು ತಿಳಿಸಿದ್ದೇವೆ.