ಚೀನದಲ್ಲಿ ನವಣಕ್ಕಿಯ ಬಾನ

ತಾಳಿಕೋಟೆಯವರಿಗೆ ವಿಜಯಪುರದಾಚೆಯ ಸೊಲ್ಲಾಪುರ ಅಪರಿಚಿತವಲ್ಲ. ಮರಾಠಿಯೊಡನೆ ಕನ್ನಡವೂ ಕೇಳಿಬರುವ ಊರು. ಅಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ಣೀಸರು, ಜಪಾನಿನ ದಾಳಿಗೆ ತುತ್ತಾದ ಚೀನಕ್ಕೆ ಕಾಂಗ್ರೆಸ್ಸು 1938ರಲ್ಲಿ ಕಳುಹಿಸಿದ ಐವರು ವೈದ್ಯರಲ್ಲೊಬ್ಬರು. ಹೋದ ಕೆಲವೇ ತಿಂಗಳುಗಳಲ್ಲಿ ತಂದೆ ತೀರಿಕೊಂಡ ವಾರ್ತೆ ಬಂದಿತು. ಅವರು ಮರಳಲಿಲ್ಲ.

ಯುದ್ಧದ ಶಸ್ತ್ರಚಿಕಿತ್ಸೆಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿತ್ಯದ ಬಾಳಿನದು ಅಷ್ಟಾಗಿ ತಿಳಿಯದು. ಉತ್ತರ ಚೀನದ ಆ ಗುಡ್ಡಗಾಡಿನಲ್ಲಿ ಮುಖ್ಯ ಆಹಾರ ನವಣೆ. ನಮ್ಮ ಎರೆಸೀಮೆಯ ನವಣೆಯೇ! ಆದರೆ ಬಾನದ ಜೊತೆಗೆ ಗುರೆಳ್ಳು ಹಿಂಡಿಯನ್ನು ಅಲ್ಲಿ ಬಡಿಸುವವರಾರು? ಔಷಧಕ್ಕೂ ಬರ. ಗಾಯಾಳುವನ್ನು ‘ಎಲ್ಲಿ ನೋವು?’ ಎಂದು ಕೇಳಲು ಅವನ ಮಾತೇ ಬೇಕಷ್ಟೆ. ಕೋಟ್ಣೀಸರು ಚೀನೀ ಭಾಷೆಯನ್ನು ಆಡುವುದಲ್ಲದೆ ಓದಿ ಬರೆಯುವಷ್ಟು ಕಲಿತರು. 1941ರಲ್ಲಿ ಬೆಥೂನ್ ಆಸ್ಪತ್ರೆಯ ಮುಖ್ಯಸ್ಥರಾದರು.

ಅದೇ ವರ್ಷ ಅಲ್ಲಿನ ಶುಶ್ರೂಷಕಿ ಕುವೊ ಚಿಂಗ್‌ಲಾನರ ಕೈಹಿಡಿದರು. ಮಗನಿಗೆ ಯಿನ್‌ಹುವಾ ಎಂದು ಹೆಸರಾಯಿತು: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. ಒಡನೆ ಹೋದ ನಾಲ್ವರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು. ಕೋಟ್ಣೀಸರು 1942ರ ಡಿಸೆಂಬರ್ 9ರಂದು, 32ರ ವಯಸ್ಸಿನಲ್ಲಿ, ಅಪಸ್ಮಾರದಿಂದ ಅಲ್ಲಿಯೇ ಕಣ್ಮುಚ್ಚಿದರು. ಮಗನಿನ್ನೂ ಹಾಲುಗೂಸು.