ಬೀಗರ ಬೀಗರು ನಮಗೆ ಬೀಗರಲ್ಲ

ಬ್ಯಾಂಕಿನ ಲೆಕ್ಕವನ್ನು ಮನೆಯಲ್ಲಿಯೇ ಕುಳಿತು ನೋಡುವ ವಾಚಕರು, ಇಂಥ ಕೆಲಸಗಳು ಈಗ ಅನೇಕ ವೇಳೆ 'ಕ್ಲೌಡ್' ಎಂಬಲ್ಲಿ ನಡೆಯುವುವೆಂದು ಕೇಳಿರಬಹುದು. ಮೇಘವೆಂಬುದು ಹೆಸರು ಮಾತ್ರ. ವಾಸ್ತವದಲ್ಲಿ ಅದು ದೊಡ್ಡ ಕಟ್ಟಡಗಳೊಳಗೆ ಸಾಲಾಗಿ ನಿಲ್ಲಿಸಿರುವ ಗಣಕಯಂತ್ರಗಳ ಸಮೂಹ. ಅಮೆಜಾನ್ ಸಂಸ್ಥೆಯವರು ನಮ್ಮ ದೇಶದಲ್ಲಿ ಮುಂಬಯಿಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ಇಂಥ ಕೇಂದ್ರಗಳನ್ನು ತೆರೆದರು. ಅಲ್ಲಿ ಒಬ್ಬೊಬ್ಬ ಗಿರಾಕಿಗೂ ಪ್ರತ್ಯೇಕವಾದ ಆವರಣವುಂಟು. ಅದರ ಗೋಡೆ ಇಟ್ಟಿಗೆಯದಲ್ಲ, ಸಾಫ್ಟ್‌ವೇರಿನದು. ಆದುದರಿಂದಲೇ ಅದಕ್ಕೆ ವರ್ಚುವಲ್ ನೆಟ್‌ವರ್ಕ್ ಎಂದು ಹೆಸರು. ಇಂಥ ಎರಡು ಆವರಣಗಳನ್ನು ಕೂಡಿಸಿದಾಗ ಸಂದೇಶವು ಯಾವ ದಾರಿಯನ್ನು ಹಿಡಿಯುವುದೆಂಬುದೇ ಈ ತಿಂಗಳ ವಿಚಾರ.

ಪ್ರತಿಯೊಂದು ಯಂತ್ರಕ್ಕೂ 10.2.5.9 ಎಂಬಂತೆ ನಾಲ್ಕು ಅಂಕಗಳ ವಿಳಾಸವಿರುವುದು. 10.2.0.0/16 ಎಂದು ಬರೆದರೆ, 10.2 ಎಂದು ಮೊದಲಾಗುವ 65,536 ವಿಳಾಸಗಳ ಕೇರಿ ಎಂದರ್ಥ. ಆವರಣದೊಳಗೆ 'ರೂಟ್ ಟೇಬಲ್' ಎಂಬ ದಾರಿಪಟ್ಟಿ ಇರುವುದು. ಇಂಥ ಕೇರಿಗೆ ಹೋಗತಕ್ಕ ಸಂದೇಶವನ್ನು ಇಂಥ ಬಾಗಿಲಿನಿಂದ ಕಳುಹಿಸತಕ್ಕದ್ದು ಎಂದು ಅದರಲ್ಲಿ ಬರೆದಿರುವುದು.

ಪಟ್ಟಿಯ ಮೂರು ಸಾಲುಗಳು ಒಂದೇ ವಿಳಾಸಕ್ಕೆ ಹೊಂದಿದರೆ ಮಾಡುವುದೇನು? 'ಎಲ್ಲ ವಿಳಾಸಗಳೂ ಹೊರಬಾಗಿಲಿಗೆ' ಎಂದು ಒಂದು ಸಾಲು, '10ರಿಂದ ಮೊದಲಾಗುವುವು ನಡುಚಾವಡಿಗೆ' ಎಂದು ಇನ್ನೊಂದು, '10.2ರಿಂದ ಮೊದಲಾಗುವುವು ಪಕ್ಕದ ಆವರಣಕ್ಕೆ' ಎಂದು ಮತ್ತೊಂದು. 10.2.5.9 ಎಂಬುದು ಮೂರಕ್ಕೂ ಒಪ್ಪುವುದು. ಆಗ ಹೆಚ್ಚು ನಿರ್ದಿಷ್ಟವಾದ ಮೂರನೆಯ ಸಾಲೇ ಗೆಲ್ಲುವುದು. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದು ಹೊಸದಲ್ಲ. ಉತ್ಸರ್ಗವೆಂಬ ಸಾಮಾನ್ಯ ವಿಧಿಯನ್ನು ಅಪವಾದವೆಂಬ ವಿಶೇಷ ವಿಧಿಯು ಬಾಧಿಸುವುದಷ್ಟೆ. ಸಾಲುಗಳು ಯಾವ ಕ್ರಮದಲ್ಲಿವೆ ಎಂಬುದು ಇಲ್ಲಿ ಮುಖ್ಯವಲ್ಲ.

ಎರಡು ಆವರಣಗಳನ್ನು ನೇರವಾಗಿ ಕೂಡಿಸುವುದಕ್ಕೆ ಪಿಯರಿಂಗ್ ಎನ್ನುವರು. ಅಮೆಜಾನಿನಲ್ಲಿ ಇದು 2014ರಲ್ಲಿ ಬಂದಿತು. ಇದನ್ನು ಬೀಗತನಕ್ಕೆ ಹೋಲಿಸಬಹುದು. ನಮ್ಮ ಬೀಗರ ಬೀಗರು ನಮಗೆ ಬೀಗರಾಗುವುದಿಲ್ಲವಷ್ಟೆ. ಒಂದು ಬ್ಯಾಂಕಿನ ಖಾತೆಗಳ ಆವರಣವು ಪಾವತಿಯ ಆವರಣದೊಡನೆಯೂ, ಪಾವತಿಯ ಆವರಣವು ಹೊರಗಿನ ಗುತ್ತಿಗೆದಾರನ ಆವರಣದೊಡನೆಯೂ ಕೂಡಿವೆ ಎಂದು ಇಟ್ಟುಕೊಳ್ಳೋಣ. ಗುತ್ತಿಗೆದಾರನು ಪಾವತಿಯ ಆವರಣವನ್ನು ಹಾದು ಖಾತೆಗಳ ಬಳಿಗೆ ಹೋಗಲಾರನು. ನಡುವಿನವರ ಮನೆ ಹಾದಿಯಾಗುವುದಿಲ್ಲ. ಕೆಲವರು ಇದನ್ನು ಕೊರತೆಯೆಂದು ಗೊಣಗುವುದುಂಟು. ಆದರೆ ನಮ್ಮ ನಿಮ್ಮ ಉಳಿತಾಯಕ್ಕೆ ಇದೊಂದು ಕಾಪು. ನಂಬಿಕೆಯು ತಾನಾಗಿ ಒಬ್ಬರಿಂದ ಮೂರನೆಯವರಿಗೆ ದಾಟತಕ್ಕದ್ದಲ್ಲ. ಕಳ್ಳನು ನಡುವಿನ ಆವರಣದ ಯಂತ್ರವನ್ನೇ ವಶಮಾಡಿಕೊಂಡರೆ ಮಾತು ಬೇರೆ. ಅದಕ್ಕೆ ಬೇರೆ ಕಾವಲು ಇರಲೇಬೇಕು.

ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಮೆಜಾನಿನ ಕ್ರಮದಲ್ಲಿ ಎರಡು ಕಡೆಯ ಪಟ್ಟಿಗಳಲ್ಲಿಯೂ ಸಾಲು ಬರೆಯಬೇಕು. ಒಂದು ಕಡೆ ಮಾತ್ರ ಬರೆದರೆ ಸಂದೇಶವು ಸೇರುವುದು, ಉತ್ತರವು ಮರಳದು; ಕೇಳಿದವನಿಗೆ ಬರಿಯ ಮೌನವೇ ಫಲ. ಎರಡು ಆವರಣಗಳಿಗೂ ಒಂದೇ ವಿಳಾಸಗಳಿದ್ದರಂತೂ ಪಿಯರಿಂಗನ್ನೇ ಒಪ್ಪುವುದಿಲ್ಲ.

ಆವರಣಗಳು ಹೆಚ್ಚಿದರೆ ಬೀಗತನವೂ ಹೊರೆಯಾಗುವುದು. ಹತ್ತು ಆವರಣಗಳನ್ನು ಪರಸ್ಪರ ಕೂಡಿಸಲು 45 ಕೂಟಗಳು ಬೇಕು. ಇದಕ್ಕಾಗಿ 2018ರಲ್ಲಿ ಅಮೆಜಾನಿನವರು ಟ್ರಾನ್ಸಿಟ್ ಗೇಟ್‌ವೇ ಎಂಬ ನಡುಚಾವಡಿಯನ್ನು ತಂದರು. ಹತ್ತೂ ಆವರಣಗಳು ಅದಕ್ಕೆ ಒಂದೊಂದು ಕೊಂಡಿಯಿಂದ ಸೇರಿದರೆ ಸಾಕು. ಆದರೆ ಯಾರು ಯಾರೊಡನೆ ಮಾತನಾಡಬಹುದೆಂಬುದನ್ನು ಈಗ ಚಾವಡಿಯ ಪಟ್ಟಿಗಳು ನಿರ್ಣಯಿಸುವುವು. ಅಲ್ಲಿ ಒಂದು ಸಾಲು ತಪ್ಪಿದರೆ ಅನೇಕರ ಕೆಲಸವು ನಿಲ್ಲಬಹುದು, ಅಥವಾ ತೆರೆಯಬಾರದ ಬಾಗಿಲು ತೆರೆಯಬಹುದು. ಅನುಕೂಲವು ಒಂದೆಡೆ ಕೂಡಿದಂತೆ ಅಪಾಯವೂ ಕೂಡಿತು.

ಗೃಹಸ್ಥರಿಗೆ ಇದರಿಂದೇನು ಎಂದರೆ, ಈ ನಿಯಮಗಳ ತುಣುಕೊಂದು ಮನೆಯಲ್ಲಿಯೇ ಇದೆ. ಖಾಸಗಿ ಬಳಕೆಗಾಗಿ 10, 172.16ರಿಂದ 172.31, 192.168 ಎಂಬ ಮೂರು ಗುಂಪುಗಳನ್ನು 1996ರ ಕಟ್ಟಳೆಯು ಮೀಸಲಿಟ್ಟಿತು. ಮನೆಯ ವೈಫೈ ಪೆಟ್ಟಿಗೆಗಳು ಹೆಚ್ಚಾಗಿ ಮೂರನೆಯದನ್ನು ಬಳಸುವುವು. ಮಗನೋ ಸೊಸೆಯೋ ಮನೆಯಿಂದ ಕಚೇರಿಯ ಕೆಲಸ ಮಾಡುವಾಗ, ಕಚೇರಿಯಲ್ಲಿಯೂ ಅದೇ ಅಂಕಗಳಿದ್ದರೆ, ಯಂತ್ರವು ಕಚೇರಿಯದನ್ನು ಮನೆಯಲ್ಲಿ ಹುಡುಕಬಹುದು. ವೈಫೈ ಇದ್ದರೂ ಕೆಲಸ ಸಾಗದಿರಲು ಇದೂ ಒಂದು ಕಾರಣ. ಪೆಟ್ಟಿಗೆಯ ಅಂಕಗಳನ್ನು ಬದಲಿಸುವುದು ಅದಕ್ಕೆ ಒಂದು ಪರಿಹಾರ. ಒಂದು ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದರೆ ಅಂಚೆಯವನನ್ನು ಬೈದು ಪ್ರಯೋಜನವಿಲ್ಲ.